ಬೀಗದ ಕೈ ಪೆಟ್ಟಿಗೆಯ ಒಳಗೇ ಇದ್ದರೆ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಈ ಸಭೆ ಮುಗಿಸಿ ಹೊರಗೆ ಹೋಗುವಾಗ ನಿಮ್ಮ ಫೋನು ನೀರಿಗೆ ಬಿತ್ತು, ಮತ್ತೆ ಆನ್ ಆಗಲೇ ಇಲ್ಲ ಅಂದುಕೊಳ್ಳಿ. ಹೊಸ ಫೋನು ಇವತ್ತೇ ತರಬಹುದು, ಅದು ಬಿಡಿ. ಆ ಹೊಸ ಫೋನಿನಲ್ಲಿ ಮೊದಲು ಲಾಗಿನ್ ಆಗಬೇಕಾದದ್ದು ಇಮೇಲಿಗೆ. ಇಮೇಲಿನ ಪಾಸ್‌ವರ್ಡ್ ಎಲ್ಲಿದೆ? ಪಾಸ್‌ವರ್ಡ್ ಮ್ಯಾನೇಜರಿನಲ್ಲಿ, ಎಂದರೆ ಎಲ್ಲ ಪಾಸ್‌ವರ್ಡುಗಳನ್ನೂ ಕೂಡಿಡುವ ಆ್ಯಪಿನಲ್ಲಿ. ಅದನ್ನು ತೆರೆಯಲು ಮಾಸ್ಟರ್ ಪಾಸ್‌ವರ್ಡಿನ ಜೊತೆ ಆರಂಕಿಯ ಕೋಡೂ ಬೇಕು. ಕೋಡು ತೋರಿಸುತ್ತಿದ್ದ ಆ್ಯಪ್ ಎಲ್ಲಿತ್ತು? ನೀರಿಗೆ ಬಿದ್ದ ಫೋನಿನಲ್ಲಿ. ಸರಿ, 'ಪಾಸ್‌ವರ್ಡ್ ಮರೆತಿದ್ದೇನೆ' ಒತ್ತೋಣ ಎಂದರೆ ಲಿಂಕ್ ಬರುವುದು ತೆರೆಯಲಾಗದ ಅದೇ ಇಮೇಲಿಗೆ.

ಬ್ಯಾಕಪ್ ಬಗ್ಗೆ ನಮ್ಮ ಕೂಟಗಳಲ್ಲಿ ಬೇಕಾದಷ್ಟು ಮಾತಾಗಿದೆ. ಇವತ್ತಿನ ವಿಷಯ ಅದರ ಪಕ್ಕದ್ದು. ಫೈಲು ಒಂದೂ ಹಾಳಾಗಿರುವುದಿಲ್ಲ, ಡಿಸ್ಕು ಚೆನ್ನಾಗಿಯೇ ಇರುತ್ತದೆ, ಖಾತೆಯನ್ನು ಯಾರೂ ಕದ್ದಿರುವುದಿಲ್ಲ. ಆದರೆ ಒಳಗೆ ಹೋಗಲು ಮಾಲೀಕನಿಗೇ ದಾರಿ ಇರುವುದಿಲ್ಲ. ತಂತ್ರಜ್ಞಾನದ ಗೋಜಿಗೇ ಹೋಗದವರಿಗಿಂತ ನಮ್ಮಂಥ ಆಸಕ್ತರಿಗೆ ಈ ಪೆಟ್ಟು ಬೀಳುವ ಸಂಭವ ಹೆಚ್ಚು. ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವವರು ನಾವು, ಎಲ್ಲ ಖಾತೆಗೂ ಎರಡನೇ ಹಂತದ ಪರಿಶೀಲನೆ ಹಾಕುವವರು ನಾವು, ಸ್ವಂತ ಡೊಮೇನಿನಲ್ಲಿ, ಎಂದರೆ ನಮ್ಮದೇ ಹೆಸರಿನ ಇಂಟರ್ನೆಟ್ ವಿಳಾಸದಲ್ಲಿ, ಇಮೇಲ್ ಇಟ್ಟುಕೊಳ್ಳುವವರು, ಮನೆಯಲ್ಲಿ ಸರ್ವರ್ ಓಡಿಸುವವರು ನಾವು. ಬಿಡಿಬಿಡಿಯಾಗಿ ನೋಡಿದರೆ ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಯಾವುದನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಪ್ರತಿಯೊಂದೂ 'ಇದನ್ನು ತೆರೆಯಲು ಅದು ಬೇಕು' ಎಂಬ ಇನ್ನೊಂದು ಕೊಂಡಿಯನ್ನು ಸೇರಿಸುತ್ತಾ ಹೋಗುತ್ತದೆ. ಕೊಂಡಿಗಳೆಲ್ಲ ಸೇರಿ ಎಲ್ಲಿ ಸುತ್ತಿಕೊಂಡಿವೆ ಎಂದು ಯಾರೂ ಕೂತು ನೋಡಿರುವುದಿಲ್ಲ.

ಹಾಗೆ ನೋಡಲು ಯಾವ ಆ್ಯಪೂ ಬೇಡ, ಒಂದು ಬಿಳಿ ಹಾಳೆ ಸಾಕು. ಮುಖ್ಯ ಇಮೇಲ್, ಪಾಸ್‌ವರ್ಡ್ ಮ್ಯಾನೇಜರ್, ಫೋನು, ಸಿಮ್, ಲ್ಯಾಪ್‌ಟಾಪಿನ ಡಿಸ್ಕ್, ಬ್ಯಾಕಪ್, ಮನೆಯ ಸರ್ವರ್, ಡೊಮೇನ್, ಬ್ಯಾಂಕು ಎಂದು ಹತ್ತು ಹನ್ನೆರಡು ಹೆಸರು ಬರೆಯಿರಿ. ಪ್ರತಿ ಹೆಸರಿನಿಂದಲೂ, ಅದನ್ನು ಸೊನ್ನೆಯಿಂದ ತೆರೆಯಲು ಏನೇನು ಬೇಕೋ ಅವುಗಳ ಕಡೆಗೆ ಬಾಣ ಎಳೆಯಿರಿ. ಸೊನ್ನೆಯಿಂದ ಎಂದರೆ, ಈಗಾಗಲೇ ಲಾಗಿನ್ ಆಗಿರುವ ಬ್ರೌಸರ್ ಲೆಕ್ಕಕ್ಕಿಲ್ಲ, ಬೆರಳಚ್ಚು ಲೆಕ್ಕಕ್ಕಿಲ್ಲ, 'ಈ ಸಾಧನವನ್ನು ನೆನಪಿಟ್ಟುಕೊ' ಎಂದು ಟಿಕ್ ಮಾಡಿದ್ದೂ ಲೆಕ್ಕಕ್ಕಿಲ್ಲ. ಎದುರಿಗಿರುವುದು ಬೇರೆಯವರ ಖಾಲಿ ಲ್ಯಾಪ್‌ಟಾಪ್ ಎಂದುಕೊಂಡೇ ಬಾಣ ಎಳೆಯಬೇಕು.

ಬಾಣಗಳು ಕೊನೆಗೆ ನಿಲ್ಲಬಹುದಾದ ಜಾಗ ನಾಲ್ಕೇ: ತಲೆಯಲ್ಲಿ ನೆನಪಿರುವ ಪಾಸ್‌ವರ್ಡ್, ಕಾಗದ, ಕೈಯಲ್ಲಿ ಹಿಡಿಯಬಹುದಾದ ಹಾರ್ಡ್‌ವೇರ್ ಕೀ (ಲಾಗಿನ್ ಆಗಲು ಬಳಸುವ ಪುಟ್ಟ ಸಾಧನ), ಇನ್ನೊಬ್ಬ ಮನುಷ್ಯ. ಯಾವ ದಾರಿ ಈ ನಾಲ್ಕರಲ್ಲಿ ಯಾವುದನ್ನೂ ಮುಟ್ಟದೆ ಸುತ್ತಿ ಬಂದು ಹೊರಟ ಜಾಗಕ್ಕೇ ಸೇರುತ್ತದೋ ಅಲ್ಲಿ ಬೀಗದ ಕೈ ಪೆಟ್ಟಿಗೆಯ ಒಳಗೇ ಉಳಿದಿದೆ ಎಂದರ್ಥ. ಆ ವರ್ತುಲವನ್ನು ಯಾವುದಾದರೂ ಒಂದು ಕಡೆ ಕತ್ತರಿಸಬೇಕು. ಮುಂದೆ ನಾನು ಹೇಳುವುದೆಲ್ಲ ಎಲ್ಲೆಲ್ಲಿ ಕತ್ತರಿಸಬೇಕು ಎನ್ನುವುದನ್ನೇ.

ಇದು ಬಿಡಿ ಮನುಷ್ಯರ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಡೇಟಾ ಸೆಂಟರುಗಳನ್ನು ಜೋಡಿಸುವ ಅವರ ಸ್ವಂತ ಬೆನ್ನೆಲುಬು ಜಾಲವನ್ನೇ ಕತ್ತರಿಸಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಸಾಧನದಲ್ಲೂ ದೋಷವಿತ್ತು. ಡೇಟಾ ಸೆಂಟರ್ ಸಿಗದಿದ್ದಾಗ ಅವರ ಡಿಎನ್‌ಎಸ್ ಸರ್ವರುಗಳು (ತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವಂಥವು) ತಮ್ಮ ವಿಳಾಸವನ್ನು ಇಂಟರ್ನೆಟ್ಟಿನಿಂದ ತಾವೇ ಹಿಂತೆಗೆದುಕೊಂಡವು. ಆಮೇಲೆ ದುರಸ್ತಿಗೆ ಬೇಕಾದ ಒಳಗಿನ ಉಪಕರಣಗಳೂ ಕೈಕೊಟ್ಟವು, ಏಕೆಂದರೆ ಅವೂ ಅದೇ ಡಿಎನ್‌ಎಸ್ ನಂಬಿಕೊಂಡಿದ್ದವು. ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಸುಲಭವಾಗಿ ಯಾರೂ ಒಳಗೆ ಬರಬಾರದು, ಬಂದರೂ ಯಂತ್ರಗಳನ್ನು ಮುಟ್ಟಬಾರದು ಎಂದು ಕಟ್ಟಿದ ಭದ್ರತೆಯೇ ಅವರನ್ನೂ ತಡಮಾಡಿಸಿತು. ಅಷ್ಟು ದೊಡ್ಡ ಸಂಸ್ಥೆಯ ಹಾಳೆಯ ಮೇಲೂ ಬಾಣ ಹೀಗೆ ಸುತ್ತಿಕೊಂಡಿತ್ತು.

ಈಗ ನಮ್ಮ ಹಾಳೆಗೆ ಬರೋಣ. ಫೋನಿನಿಂದಲೇ ಶುರು ಮಾಡೋಣ, ಹೆಚ್ಚಿನವರ ಬಾಣಗಳೆಲ್ಲ ಬಂದು ಸೇರುವುದು ಅಲ್ಲೇ.

ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿ ಎಲ್ಲಿಂದಲೂ ಬರುವುದಲ್ಲ, ಫೋನಿನಲ್ಲೇ ಹುಟ್ಟುವುದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ದಿನ ಒಂದು ರಹಸ್ಯ ಅಕ್ಷರಸಾಲು ಫೋನಿಗೆ ಬಂದು ಕೂರುತ್ತದೆ. ಆ ಸಾಲು ಮತ್ತು ಗಡಿಯಾರದ ಹೊತ್ತು, ಇವೆರಡನ್ನೂ ಸೇರಿಸಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ಲೆಕ್ಕ ಹಾಕಲಾಗುತ್ತದೆ. ಇದರಿಂದ ಎರಡು ಸಂಗತಿ ಗೊತ್ತಾಗುತ್ತವೆ. ಒಂದು, ಆ ಅಕ್ಷರಸಾಲು ನಿಮ್ಮಲ್ಲಿದ್ದರೆ ಯಾವ ಫೋನಿನಲ್ಲಾದರೂ, ಯಾವ ಆ್ಯಪಿನಲ್ಲಾದರೂ ಅದೇ ಕೋಡು ಬರುತ್ತದೆ, ಇಂಟರ್ನೆಟ್ ಕೂಡ ಬೇಡ. ಎರಡು, ಗಡಿಯಾರ ತಪ್ಪಿದ್ದರೆ ಸರಿಯಾದ ಸಾಲಿದ್ದರೂ ಕೋಡು ತಪ್ಪಾಗಿಯೇ ಬರುತ್ತದೆ. ಹೊಸ ಫೋನಿನಲ್ಲಿ ಕೋಡು ತಿರಸ್ಕೃತವಾದರೆ ರಹಸ್ಯವೇ ಹಾಳಾಯಿತು ಎಂದು ಗಾಬರಿಯಾಗುವ ಮೊದಲು ಸಮಯ ತಾನಾಗಿ ಹೊಂದುವಂತೆ ಇಟ್ಟಿದ್ದೀರಾ ನೋಡಿ.

ಹಾಗಾಗಿ ಯಾವುದೇ ಮುಖ್ಯ ಖಾತೆಗೆ ಎರಡನೇ ಹಂತ ಹಾಕುವಾಗ 'ಕ್ಯೂಆರ್ ಸ್ಕ್ಯಾನ್ ಆಗುತ್ತಿಲ್ಲವೇ' ಎಂಬ ಸಣ್ಣ ಕೊಂಡಿಯನ್ನು ಒತ್ತಿ. ಅಕ್ಷರಸಾಲು ಕಾಣುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ. ಬರೆಯುವಾಗ ನೆನಪಿಡಬೇಕಾದ ಒಂದು ವಿಷಯವಿದೆ. ಈ ಸಾಲುಗಳಲ್ಲಿ ಬರುವುದು ಇಂಗ್ಲಿಷಿನ 26 ಅಕ್ಷರ ಮತ್ತು 2ರಿಂದ 7ರವರೆಗಿನ ಅಂಕಿ ಮಾತ್ರ. 0, 1, 8, 9 ಬರುವುದೇ ಇಲ್ಲ. ಆದ್ದರಿಂದ ದುಂಡಗೆ ಕಂಡದ್ದು ಸೊನ್ನೆಯೋ 'ಓ' ಅಕ್ಷರವೋ ಎಂಬ ಅನುಮಾನ ಬಂದರೆ ಅದು ಅಕ್ಷರವೇ, ನೆಟ್ಟಗಿನ ಗೆರೆ ಕಂಡರೆ ಅದು ದೊಡ್ಡಕ್ಷರದ 'ಐ' ಇಲ್ಲವೇ ಸಣ್ಣಕ್ಷರದ 'ಎಲ್', ಒಂದು ಅಲ್ಲ.

ಅದೇ ಹೊತ್ತಿಗೆ ಸೇವೆಯವರು ರಿಕವರಿ ಕೋಡುಗಳನ್ನೂ, ಎಂದರೆ ಫೋನು ಇಲ್ಲದ ದಿನ ಆರಂಕಿಯ ಬದಲು ಬಳಸುವ ಕೋಡುಗಳನ್ನೂ, ಕೊಡುತ್ತಾರೆ. ಒಂದೊಂದೂ ಒಂದೇ ಸಲಕ್ಕೆ ನಡೆಯುತ್ತದೆ. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಡೌನ್‌ಲೋಡ್ ಒತ್ತುತ್ತೇವೆ. ಫೈಲು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬೀಳುತ್ತದೆ, ಇಲ್ಲವೇ ಪಾಸ್‌ವರ್ಡ್ ಮ್ಯಾನೇಜರಿನ ಟಿಪ್ಪಣಿಯಲ್ಲಿ ಸೇರುತ್ತದೆ. ಬೇರೆ ಖಾತೆಗಳ ಮಟ್ಟಿಗೆ ಅದು ನಡೆದೀತು. ಆದರೆ ಪಾಸ್‌ವರ್ಡ್ ಮ್ಯಾನೇಜರಿನ ರಿಕವರಿ ಕೋಡು ಮತ್ತು ಮುಖ್ಯ ಇಮೇಲಿನ ರಿಕವರಿ ಕೋಡು, ಈ ಎರಡು ಮಾತ್ರ ಕಾಗದದ ಮೇಲಿರಲೇಬೇಕು. ಹೊಸ ಕೋಡುಗಳನ್ನು ಪಡೆದರೆ ಹಳೆಯವೆಲ್ಲ ರದ್ದಾಗುತ್ತವೆ ಎನ್ನುವುದನ್ನೂ ಮರೆಯಬೇಡಿ. ಈ ಕಾಗದಗಳನ್ನು ಮುಚ್ಚಿಟ್ಟ ಲಕೋಟೆಯಲ್ಲಿರುವುದು ಹಳೆಯ ಪಟ್ಟಿಯಾಗಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ. ಪಟ್ಟಿಯ ಮೇಲೆ ತಾರೀಕು ಹಾಕಿ.

ಕೋಡುಗಳು ಆನ್‌ಲೈನಿನಲ್ಲಿ ಸಿಂಕ್ ಆಗುತ್ತವಲ್ಲ ಎಂದು ಕೇಳಬಹುದು. ಗೂಗಲ್ ಅಥೆಂಟಿಕೇಟರ್‌ಗೆ ಆ ಸೌಲಭ್ಯ ಬಂದದ್ದು 2023ರಲ್ಲಿ. ಅನುಕೂಲವೇ ಸರಿ. ಆದರೆ ಗೂಗಲ್ ಖಾತೆಗೆ ಸಿಂಕ್ ಆಗುವ ಆ ಆ್ಯಪಿನಲ್ಲೇ ಗೂಗಲ್ ಖಾತೆಯ ಕೋಡೂ ಇದ್ದು, ಬೇರೆ ದಾರಿ ಯಾವುದೂ ಇಲ್ಲದಿದ್ದರೆ, ಹಾಳೆಯ ಮೇಲೆ ಬಾಣ ಎಳೆದು ನೋಡಿ.

ಸಿಮ್ ವಿಷಯವನ್ನು ಬೇಗ ಮುಗಿಸುತ್ತೇನೆ. ಎಸ್‌ಎಂಎಸ್ ಕೋಡಿನ ಬಲ ಕಡಿಮೆ, ಆದರೆ ಎಷ್ಟೋ ಕಡೆ ಅದನ್ನು ಬಿಟ್ಟು ಗತಿಯಿಲ್ಲ. ಇ-ಸಿಮ್ (ಫೋನಿನೊಳಗೇ ಸೇರಿರುವ ಸಿಮ್) ಇದ್ದವರು ಗಮನಿಸಿ: ಸತ್ತ ಫೋನಿನಿಂದ ಚಿಪ್ ತೆಗೆದು ಇನ್ನೊಂದಕ್ಕೆ ಹಾಕುವ ದಾರಿ ನಿಮಗಿಲ್ಲ, ಹೊಸ ಪ್ರೊಫೈಲ್ ಕೇಳಿ ಪಡೆಯಬೇಕು. ಆ ಕೋರಿಕೆಯ ಲಿಂಕೋ ಕೋಡೋ ಯಾವ ಇಮೇಲಿಗೆ ಬರುತ್ತದೆ ಎಂದು ಮೊದಲೇ ತಿಳಿದಿರಲಿ.

ಈಗ ಮಾಸ್ಟರ್ ಪಾಸ್‌ವರ್ಡ್. ಇಲ್ಲಿ ಕೈಕೊಡುವುದು ಯಂತ್ರವಲ್ಲ, ನೆನಪು. ಬೆರಳಚ್ಚಿನಿಂದ ಪಾಸ್‌ವರ್ಡ್ ಮ್ಯಾನೇಜರ್ ತೆರೆಯುವ ಅಭ್ಯಾಸವಾದ ಮೇಲೆ ತಿಂಗಳುಗಟ್ಟಲೆ ಮಾಸ್ಟರ್ ಪಾಸ್‌ವರ್ಡನ್ನು ಯಾರೂ ಟೈಪ್ ಮಾಡಿರುವುದಿಲ್ಲ. ನೆನಪಿದೆ ಎಂಬ ನಂಬಿಕೆ ಇರುತ್ತದೆ, ಅಷ್ಟೆ. ಮಧ್ಯದಲ್ಲಿ ದೊಡ್ಡಕ್ಷರವಿತ್ತೋ, ಕೊನೆಗೆ ಇದ್ದದ್ದು ಆಶ್ಚರ್ಯಸೂಚಕವೋ ಪ್ರಶ್ನಾರ್ಥಕವೋ ಎಂಬಲ್ಲಿ ಕೈ ತಡವರಿಸುತ್ತದೆ. ಬೆರಳಚ್ಚನ್ನು ತೆಗೆದುಹಾಕಿ ಎನ್ನುವುದಿಲ್ಲ. ಲ್ಯಾಪ್‌ಟಾಪಿನಲ್ಲಾದರೂ ದಿನದ ಮೊದಲ ಸಲ ಪಾಸ್‌ವರ್ಡನ್ನೇ ಕೇಳುವಂತೆ ಸೆಟ್ಟಿಂಗ್ ಇಡಿ.

ಪಾಸ್‌ವರ್ಡ್ ಆರಿಸುವುದಕ್ಕೆ ದಾಳದ ವಿಧಾನವೇ ನನಗೆ ಇವತ್ತಿಗೂ ಮೆಚ್ಚು. ಐದು ದಾಳ ಉರುಳಿಸಿದರೆ 7,776 ಸಾಧ್ಯತೆ. ಅಷ್ಟೇ ಪದಗಳ ಪಟ್ಟಿಯಲ್ಲಿ ಆ ಸಂಖ್ಯೆಗೆ ಎದುರಿರುವ ಪದವನ್ನು ತೆಗೆದುಕೊಳ್ಳಿ. ಹೀಗೆ ಆರು ಪದ ಸೇರಿದರೆ ಸುಮಾರು 77 ಬಿಟ್ ಬಲ ಬರುತ್ತದೆ, ಎಂದರೆ ಊಹಿಸುವವನ ಮುಂದೆ ಸುಮಾರು 2ರ 77ನೇ ಘಾತದಷ್ಟು ಸಾಧ್ಯತೆ. ಪದಗಳನ್ನು ನೀವೇ ಆರಿಸಬಾರದು, ಇಷ್ಟವಾಗಲಿಲ್ಲ ಎಂದು ದಾಳ ಮತ್ತೆ ಹಾಕಲೂಬಾರದು. ಹಾಗೆ ಮಾಡಿದರೆ ಲೆಕ್ಕ ಕೆಡುತ್ತದೆ. ಎಲ್ಲ ಸಣ್ಣಕ್ಷರ, ಪದದ ನಡುವೆ ಖಾಲಿ ಜಾಗ. ಚಿಹ್ನೆ, ದೊಡ್ಡಕ್ಷರಗಳ ಕಸರತ್ತು ಬೇಡ, ಬೇರೆ ಭಾಷೆಯ ಕೀಬೋರ್ಡ್ ಇರುವ ಯಂತ್ರದಲ್ಲಿ ಟೈಪ್ ಮಾಡಬೇಕಾದ ದಿನ ಅವೇ ತೊಂದರೆ ಕೊಡುವುದು.

ಹಾರ್ಡ್‌ವೇರ್ ಕೀ ಇಟ್ಟುಕೊಂಡವರು ಕೈ ಎತ್ತಿ ಎಂದರೆ ಇಲ್ಲಿ ಸುಮಾರು ಕೈಗಳು ಮೇಲೇಳುತ್ತವೆ. ಎರಡು ಕೀ ಇರುವವರು ಎಂದರೆ ಅರ್ಧ ಕೈಗಳು ಇಳಿಯುತ್ತವೆ. ಈ ಕೀಗಳನ್ನು ನಕಲು ಮಾಡಲಾಗದು, ಅವುಗಳ ಗುಣವೇ ಅದು. ಆದ್ದರಿಂದ ಒಂದೇ ಕೀ ಕೊಂಡುಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ಲೇಸು. ಎರಡು ಇದ್ದರೂ ಒಂದು ತೊಡಕಿದೆ. ಎರಡನೆಯದನ್ನು ಬೇರೆ ಮನೆಯಲ್ಲಿ ಭದ್ರವಾಗಿಟ್ಟಿರುತ್ತೀರಿ, ಹೊಸ ಖಾತೆ ತೆರೆದ ದಿನ ಅದು ಕೈಯಲ್ಲಿರುವುದಿಲ್ಲ, ಆಮೇಲೆ ನೋಂದಾಯಿಸಿದರಾಯಿತು ಎಂದುಕೊಳ್ಳುತ್ತೀರಿ. ವರ್ಷದ ಕೊನೆಗೆ ಎರಡನೇ ಕೀಗೆ ಅರ್ಧ ಖಾತೆಗಳ ಪರಿಚಯವೇ ಇರುವುದಿಲ್ಲ. ಒಂದು ಪಟ್ಟಿ ಇಡಿ, ಮೂರು ನಾಲ್ಕು ತಿಂಗಳಿಗೊಮ್ಮೆ ಎರಡು ಕೀಗಳನ್ನು ಅದಲುಬದಲು ಮಾಡಿ. ಬದಲಾಯಿಸಿದ ವಾರದಲ್ಲೇ ಯಾವುದು ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಕೀಯ ಪಿನ್ ಎಂಟು ಸಲ ತಪ್ಪಿದರೆ ಅದು ಬೀಗ ಹಾಕಿಕೊಳ್ಳುತ್ತದೆ. ಮತ್ತೆ ಬಳಸಬೇಕೆಂದರೆ ರಿಸೆಟ್ ಮಾಡಬೇಕು, ರಿಸೆಟ್ ಮಾಡಿದರೆ ಒಳಗಿನ ನೋಂದಣಿಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಪಿನ್ನನ್ನೂ ಕಾಗದದಲ್ಲಿ ಸೇರಿಸಿ.

ಎನ್‌ಕ್ರಿಪ್ಟ್ ಆದ ಡಿಸ್ಕುಗಳ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಲ್ಲಿ ಒಮ್ಮೆ ಕಳೆದರೆ ಯಾರ ಕಾಲು ಹಿಡಿದರೂ ಸಿಗುವುದಿಲ್ಲ.

ಲಿನಕ್ಸಿನ ಲಕ್ಸ್ ವಿಧಾನದಲ್ಲಿ ನೀವು ಟೈಪ್ ಮಾಡುವ ಪಾಸ್‌ವರ್ಡ್ ನೇರವಾಗಿ ಡಿಸ್ಕನ್ನು ತೆರೆಯುವುದಿಲ್ಲ. ಡಿಸ್ಕಿನ ಆರಂಭದಲ್ಲಿ ಹೆಡರ್ ಎಂಬ ಭಾಗವಿದೆ, ಲಕ್ಸ್ 2ರಲ್ಲಿ ಸಾಮಾನ್ಯವಾಗಿ 16 ಎಂಬಿ. ನಿಜವಾದ ಕೀಲಿ ಅದರೊಳಗೆ ಕೂತಿದೆ, ನಿಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ಬಿಚ್ಚುತ್ತದೆ. ಆ 16 ಎಂಬಿಯ ಕೀಲಿಭಾಗ ಹಾಳಾದರೆ ಪಾಸ್‌ವರ್ಡ್ ಎಷ್ಟೇ ಚೆನ್ನಾಗಿ ನೆನಪಿದ್ದರೂ ಉಳಿದ ಟೆರಾಬೈಟುಗಳೆಲ್ಲ ಬರೀ ಗದ್ದಲ. ಹಾಳಾಗುವುದು ಹೇಗೆ? ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ತಪ್ಪು ಡಿಸ್ಕನ್ನು ಆರಿಸುವುದು, ಪೆನ್‌ಡ್ರೈವಿಗೆ ಬರೆಯಬೇಕಾದ ಇಮೇಜನ್ನು (ಸಿಸ್ಟಮ್ ಹಾಕಲು ಬಳಸುವ ಫೈಲನ್ನು) ಡಿಸ್ಕಿಗೆ ಬರೆಯುವುದು. ಇಂಥದ್ದು ಆಗುವುದು ಒಂದೆರಡು ಸೆಕೆಂಡಿನಲ್ಲಿ, ತಪ್ಪು ಗೊತ್ತಾಗಿ ನಿಲ್ಲಿಸುವ ಹೊತ್ತಿಗೆ ಹೆಡರ್ ಹೋಗಿರುತ್ತದೆ. ಕ್ರಿಪ್ಟ್‌ಸೆಟಪ್ ಉಪಕರಣದಲ್ಲಿ ಹೆಡರ್ ಬ್ಯಾಕಪ್ ಮಾಡುವ ಕಮಾಂಡ್ ಇದೆ. ಫೈಲನ್ನು ಆ ಡಿಸ್ಕಿನ ಹೊರಗೆ, ಪೆನ್‌ಡ್ರೈವಿನಲ್ಲಿ ಇಡಿ. ಒಂದು ಎಚ್ಚರಿಕೆ: ಆ ಬ್ಯಾಕಪ್ ತೆಗೆದ ದಿನ ಯಾವ ಪಾಸ್‌ವರ್ಡ್ ಇತ್ತೋ ಅದು ಆ ಫೈಲಿನ ಮಟ್ಟಿಗೆ ಎಂದೆಂದಿಗೂ ನಡೆಯುತ್ತದೆ. ಪಾಸ್‌ವರ್ಡ್ ಯಾರಿಗೋ ತಿಳಿಯಿತು ಎಂದು ಬದಲಾಯಿಸಿದರೆ ಹಳೆಯ ಹೆಡರ್ ಫೈಲನ್ನೂ ನಾಶಮಾಡಿ ಹೊಸದು ತೆಗೆಯಬೇಕು.

ವಿಂಡೋಸಿನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್‌ನಲ್ಲಿ ತೊಂದರೆಯ ಬಗೆ ಬೇರೆ. ನಿತ್ಯ ಏನೂ ಕೇಳದೆ ತೆರೆದುಕೊಳ್ಳುವ ಯಂತ್ರ, ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೋ ಮದರ್‌ಬೋರ್ಡ್ ಬದಲಾಯಿಸಿದ ಮೇಲೋ ಇದ್ದಕ್ಕಿದ್ದಂತೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಎನ್‌ಕ್ರಿಪ್ಷನ್ ಇದೆ ಎಂಬುದೇ ಎಷ್ಟೋ ಜನಕ್ಕೆ ಆಗ ಗೊತ್ತಾಗುವುದು, ಏಕೆಂದರೆ ಮೈಕ್ರೋಸಾಫ್ಟ್ ಖಾತೆಯಿಂದ ಹೊಸ ಯಂತ್ರ ಶುರು ಮಾಡಿದಾಗ ಅದು ತಾನಾಗಿ ಆನ್ ಆಗಿರಬಹುದು. ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಯ ಪಾಸ್‌ವರ್ಡ್ ಬೀಗ ಬಿದ್ದ ಅದೇ ಯಂತ್ರದಲ್ಲಿ ಇಲ್ಲದಿದ್ದರೆ ಸಾಕು. ಇವತ್ತು ಮನೆಗೆ ಹೋಗಿ ಆ ಕೀಯನ್ನು ಕಾಗದಕ್ಕೆ ಇಳಿಸಿ. ಆರಾರು ಅಂಕಿಯ ಎಂಟು ಗುಂಪು ಇರುತ್ತದೆ, ಮತ್ತು ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಬರೆದಾದ ಮೇಲೆ ಎಂಟೂ ಗುಂಪನ್ನು 11ರಿಂದ ಭಾಗಿಸಿ ನೋಡಿ, ಒಂದಂಕಿ ತಪ್ಪಾಗಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಈ ವ್ಯವಸ್ಥೆ ಮಾಡಿದವರಿಗೆ ನಾನು ಮನಸಾರೆ ಕೃತಜ್ಞ, ಕೈಬರಹದ ತಪ್ಪನ್ನು ಲೆಕ್ಕಕ್ಕೆ ಹಿಡಿದು ಕೀ ರೂಪಿಸಿದವರು ಕಡಿಮೆ.

ಬ್ಯಾಕಪ್ಪಿಗೆ ಬೋರ್ಗ್ ಎಂಬ ಸಾಫ್ಟ್‌ವೇರ್ ಬಳಸುವವರು ಇದ್ದೀರಿ. ಅದರಲ್ಲಿ ಕೀಲಿ ಇಡುವ ಎರಡು ಕ್ರಮಗಳಿವೆ. ರೆಪೊ-ಕೀ ಕ್ರಮದಲ್ಲಿ ಕೀಲಿ ಬ್ಯಾಕಪ್ ಇರುವ ಜಾಗದಲ್ಲೇ ಇರುತ್ತದೆ, ಪಾಸ್‌ವರ್ಡ್ ನೆನಪಿದ್ದರೆ ಸಾಕು. ಕೀ-ಫೈಲ್ ಕ್ರಮದಲ್ಲಿ ಕೀಲಿ ಇರುವುದು ನಿಮ್ಮ ಲ್ಯಾಪ್‌ಟಾಪಿನ ಹೋಮ್ ಫೋಲ್ಡರಿನ ಒಳಗೆ. ಲ್ಯಾಪ್‌ಟಾಪಿನ ಡಿಸ್ಕ್ ಸತ್ತಿತು ಎಂದು ಬ್ಯಾಕಪ್ಪಿನ ಬಳಿ ಹೋದರೆ ಕೀಲಿಯೂ ಆ ಡಿಸ್ಕಿನ ಜೊತೆಗೇ ಹೋಗಿರುತ್ತದೆ! ಬೋರ್ಗ್ ಕೀಲಿಯನ್ನು ಹೊರತೆಗೆಯುವ ಕಮಾಂಡ್ ಕೊಟ್ಟಿದೆ, ಕಾಗದಕ್ಕೆ ಮುದ್ರಿಸಲೆಂದೇ ಸಾಲುಸಾಲಾಗಿ ತೋರಿಸುವ ಆಯ್ಕೆಯೂ ಇದೆ. ರೆಸ್ಟಿಕ್ ಎಂಬ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರು ಒಂದೇ ಬ್ಯಾಕಪ್ಪಿಗೆ ಎರಡನೇ ಪಾಸ್‌ವರ್ಡ್ ಸೇರಿಸಬಹುದು. ಒಂದು ದಿನಬಳಕೆಗೆ, ಇನ್ನೊಂದು ಲಕೋಟೆಗೆ.

ಮನೆಯ ಸರ್ವರಿನ ಮಾತು. ಇಲ್ಲಿ ಎರಡು ವರ್ತುಲಗಳನ್ನು ಮತ್ತೆ ಮತ್ತೆ ನೋಡುತ್ತೇವೆ. ಮೊದಲನೆಯದು, ಜಾಹೀರಾತು ಸೋಸಲೆಂದು ಮನೆಯ ಡಿಎನ್‌ಎಸ್ ಅದೇ ಪುಟ್ಟ ಸರ್ವರಿನ ಮೇಲೆ ಓಡುತ್ತಿರುತ್ತದೆ. ಸರ್ವರ್ ಸತ್ತರೆ ಮನೆಯಲ್ಲಿ ಯಾರಿಗೂ ಇಂಟರ್ನೆಟ್ ಇಲ್ಲ, ದುರಸ್ತಿಗೆ ಬೇಕಾದ ಇಮೇಜ್ ಇಳಿಸಿಕೊಳ್ಳಲೂ ಆಗುವುದಿಲ್ಲ. ರೌಟರಿನಲ್ಲಿ ಡಿಎನ್‌ಎಸ್ ವಿಳಾಸ ಬದಲಾಯಿಸುವ ಕ್ರಮವನ್ನು ರೌಟರಿನ ಮೇಲೇ ಚೀಟಿ ಬರೆದು ಅಂಟಿಸಿ, ಅಡ್ಮಿನ್ ಪಾಸ್‌ವರ್ಡ್ ಎಲ್ಲಿದೆ ಎಂಬುದನ್ನು ಮನೆಯ ಇನ್ನೊಬ್ಬರಿಗಾದರೂ ಹೇಳಿ. ಸಾರ್ವಜನಿಕ ಡಿಎನ್‌ಎಸ್ ವಿಳಾಸವನ್ನು ಎರಡನೆಯದಾಗಿ ಮೊದಲೇ ಹಾಕಿಟ್ಟರಾಗದೇ ಎಂದರೆ, ಸಾಧನಗಳು ಮೊದಲನೆಯದು ಸತ್ತಾಗ ಮಾತ್ರ ಎರಡನೆಯದಕ್ಕೆ ಹೋಗುತ್ತವೆ ಎಂಬ ಖಾತರಿ ಇಲ್ಲ. ತಮಗಿಷ್ಟ ಬಂದಂತೆ ಎರಡನ್ನೂ ಬಳಸುತ್ತವೆ, ಜಾಹೀರಾತು ಸೋಸಲೆಂದು ಕಟ್ಟಿದ್ದು ಸೋರಲು ಶುರುವಾಗುತ್ತದೆ.

ಎರಡನೆಯದು, ಪಾಸ್‌ವರ್ಡ್ ಮ್ಯಾನೇಜರನ್ನೂ ಆ ಸರ್ವರಿನಲ್ಲೇ ಇಟ್ಟು, ಸರ್ವರಿನ ಡಿಸ್ಕಿನ ಪಾಸ್‌ವರ್ಡನ್ನು ಅದರೊಳಗೆ ಇಡುವುದು. ವಿದ್ಯುತ್ ಹೋಗಿ ಬಂದ ದಿನ ಸರ್ವರ್ ಪಾಸ್‌ವರ್ಡ್ ಕೇಳುತ್ತಾ ಕಪ್ಪು ಪರದೆಯಲ್ಲಿ ನಿಂತಿರುತ್ತದೆ. ಅಂದಹಾಗೆ, ಆ ಪರದೆ ನೋಡಲು ಕೇಬಲ್ ಇದೆಯೇ? ಮನೆಯ ಸರ್ವರಿಗೆ ಬಳಸುವ ಪುಟ್ಟ ಕಂಪ್ಯೂಟರುಗಳಾದ ರಾಸ್ಪ್‌ಬೆರಿ ಪೈ 4 ಮತ್ತು 5ರಲ್ಲಿರುವುದು ಮೈಕ್ರೋ ಎಚ್‌ಡಿಎಂಐ. ಅಂಥ ಕೇಬಲ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಸರ್ವರಿಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಬರೀ ಲ್ಯಾಪ್‌ಟಾಪಿನಲ್ಲಿರುವ ಕೀ ಫೈಲಿನ ಮೇಲೆ ನಡೆಸುವವರಿಗೆ ಲ್ಯಾಪ್‌ಟಾಪ್ ಕಳೆದ ದಿನ ಆ ಕೇಬಲ್ ಮತ್ತು ಒಂದು ಯುಎಸ್‌ಬಿ ಕೀಬೋರ್ಡೇ ಗತಿ. ಎರಡನ್ನೂ ಸರ್ವರಿನ ಪಕ್ಕದಲ್ಲೇ ಇಟ್ಟಿರಿ.

ಸ್ವಂತ ಡೊಮೇನಿನಲ್ಲಿ ಇಮೇಲ್ ಇರುವವರು ಇವತ್ತೇ ನೋಡಬೇಕಾದದ್ದು ಒಂದಿದೆ: ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಟ್ಟ ಸಂಸ್ಥೆ) ಬಳಿ ಕೊಟ್ಟಿರುವ ಸಂಪರ್ಕ ಇಮೇಲ್ ಯಾವುದು? ಅದೇ ಡೊಮೇನಿನದಾಗಿದ್ದರೆ, ನವೀಕರಣ ತಪ್ಪಿ ಡೊಮೇನ್ ನಿಂತ ದಿನದಿಂದ 'ಹಣ ಕಟ್ಟಿ' ಎಂಬ ನೆನಪೋಲೆಯೂ ನಿಮಗೆ ತಲುಪುವುದಿಲ್ಲ. ಡಾಟ್ ಕಾಮ್‌ನಂಥ ಡೊಮೇನುಗಳನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೆ 30 ದಿನ ಬಿಡಿಸಿಕೊಳ್ಳುವ ಅವಧಿ ಇರುತ್ತದೆ, ಆಗ ಸಾಮಾನ್ಯವಾಗಿ ಹೆಚ್ಚಿನ ಶುಲ್ಕ ಬೀಳುತ್ತದೆ. ಆಮೇಲೆ ಯಾರಿಗೂ ಸಿಗದ 5 ದಿನ, ನಂತರ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರಿಗೆ ನಿಮ್ಮ ಹೆಸರಿಗೆ ಬರುವ ಪಾಸ್‌ವರ್ಡ್ ರಿಸೆಟ್ ಲಿಂಕುಗಳೆಲ್ಲ ಬರುತ್ತವೆ. ಇದು ಬರೀ ಬೀಗ ಬೀಳುವುದಲ್ಲ, ಮನೆಯನ್ನೇ ಇನ್ನೊಬ್ಬರಿಗೆ ಒಪ್ಪಿಸಿದಂತೆ. ಸಂಪರ್ಕ ಇಮೇಲ್ ಬೇರೆ ಸೇವೆಯದಾಗಿರಲಿ.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಇಷ್ಟೆಲ್ಲವನ್ನೂ ಕಾಗದದಲ್ಲಿ ಬರೆದಿಟ್ಟರೆ ಕಳ್ಳರ ಕೈಗೆ ಸಿಕ್ಕರೆ ಏನು ಗತಿ?

ನ್ಯಾಯವಾದ ಪ್ರಶ್ನೆ. ಯಾರಿಂದ ಕಾಪಾಡಿಕೊಳ್ಳುತ್ತಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು. ದೂರದ ದೇಶದಿಂದ ನಿಮ್ಮ ಖಾತೆಗೆ ಕನ್ನ ಹಾಕುವವನಿಗೆ ನಿಮ್ಮ ಕಪಾಟು ಎಟುಕುವುದಿಲ್ಲ. ಮನೆಗೆ ನುಗ್ಗಿದ ಕಳ್ಳ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುತ್ತಾನೆ, ಕಾಗದಪತ್ರದ ಕಡತ ತಿರುವುತ್ತಾ ಕೂರುವುದು ಅಪರೂಪ. ಕಾಗದದಿಂದ ಭಯವಿರುವುದು ಮನೆಯೊಳಗಿನವರಿಂದಲೇ ಬೆದರಿಕೆ ಇರುವವರಿಗೆ. ಅಂಥವರು ಲಕೋಟೆಯನ್ನು ಮನೆಯಲ್ಲಿ ಇಡಲೇಬಾರದು, ಬ್ಯಾಂಕ್ ಲಾಕರಿನಲ್ಲೋ ನಂಬಿಕಸ್ಥರ ಬಳಿಯೋ ಇಡಬೇಕು. ಉಳಿದವರಿಗೆ ಮುಚ್ಚಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿದ ಲಕೋಟೆ ಸಾಕು. ತೆರೆದಿದ್ದರೆ ಗೊತ್ತಾಗುತ್ತದೆ, ಕೋಡುಗಳನ್ನು ಬದಲಾಯಿಸಿದರಾಯಿತು.

ಅತಿ ಬುದ್ಧಿವಂತಿಕೆ ಮಾತ್ರ ಬೇಡ. ಮೂರನೇ ಪದವನ್ನು ತಿರುಗಿಸಿ ಓದಬೇಕು, ಕೊನೆಗೆ ಮನಸ್ಸಿನಲ್ಲಿರುವ ಒಂದಂಕಿ ಸೇರಿಸಬೇಕು ಎಂಬ ಗುಟ್ಟುಗಳು ಎರಡು ವರ್ಷದ ನಂತರ ನಮಗೇ ನೆನಪಿರುವುದಿಲ್ಲ. ಪಾಸ್‌ವರ್ಡನ್ನು ಅರ್ಧ ಮಾಡಿ ಎರಡು ಕಡೆ ಇಡುವುದೂ ತಪ್ಪು, ಎರಡರಲ್ಲಿ ಯಾವುದು ಕಳೆದರೂ ಎಲ್ಲವೂ ಕಳೆದಂತೆ. ಹಂಚಲೇಬೇಕೆಂದರೆ ಗೂಢಲಿಪಿ ತಜ್ಞ ಅದಿ ಶಮೀರ್ 1979ರಲ್ಲಿ ಕೊಟ್ಟ ಗಣಿತದ ವಿಧಾನವಿದೆ. ರಹಸ್ಯವನ್ನು ಐದು ಪಾಲು ಮಾಡಿ, ಯಾವ ಮೂರು ಸೇರಿದರೂ ತೆರೆಯುವಂತೆ ಮಾಡಬಹುದು, ಎರಡೇ ಸಿಕ್ಕವರಿಗೆ ಏನೂ ತಿಳಿಯುವುದಿಲ್ಲ. ಸೊಗಸಾದ ವಿಧಾನ. ಆದರೆ ಪಾಲುಗಳನ್ನು ಕೂಡಿಸಲು ಅದೇ ಸಾಫ್ಟ್‌ವೇರ್ ಬೇಕು, ಕೂಡಿಸುವುದು ಹೇಗೆಂದು ತಿಳಿದವರೂ ಬೇಕು. ಬಹುಪಾಲು ಮನೆಗಳಿಗೆ ಎರಡು ಲಕೋಟೆ ಎರಡು ಜಾಗದಲ್ಲಿ ಇದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಎರಡು ಏಕೆ ಎಂದರೆ, ಒಂದು ಕಾಗದ ಕಳೆದುಹೋಗುತ್ತದೆ. 7,002 ಬಿಟ್‌ಕಾಯಿನ್ ಇಟ್ಟಿದ್ದ ಒಬ್ಬ ಪ್ರೋಗ್ರಾಮರನ ಸುದ್ದಿ 2021ರಲ್ಲಿ ಎಲ್ಲ ಕಡೆ ಬಂದಿತ್ತು. ಐರನ್‌ಕೀ ಎಂಬ ಎನ್‌ಕ್ರಿಪ್ಟೆಡ್ ಪೆನ್‌ಡ್ರೈವಿನ ಪಾಸ್‌ವರ್ಡ್ ಬರೆದಿದ್ದ ಚೀಟಿ ಅವರಿಂದ ಕಳೆದುಹೋಗಿತ್ತು. ಹತ್ತು ಸಲ ತಪ್ಪಿದರೆ ಒಳಗಿದ್ದದ್ದು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಎಂಟು ಪ್ರಯತ್ನ ಮುಗಿದಿತ್ತು.

ಬರೆಯಲು ಸಾಧಾರಣ ಕಾಗದ, ಬಾಲ್‌ಪೆನ್ ಸಾಕು. ನೀರು ತಾಗಿದರೆ ಹರಡುವ ಶಾಯಿ ಬೇಡ. ರಸೀದಿಗೆ ಬಳಸುವ ಥರ್ಮಲ್ ಕಾಗದದಲ್ಲಿ ಮುದ್ರಿಸಬೇಡಿ, ಅದು ಬೆಳಕಿಗೂ ಬಿಸಿಗೂ ಮಾಸಿಹೋಗುತ್ತದೆ. ಮುದ್ರಿಸುವುದಾದರೆ ಮನೆಯ ಪ್ರಿಂಟರಿನಲ್ಲಿ, ಫೈಲು ಉಳಿಸದೆ. ಫೋಟೋ ತೆಗೆಯಬೇಡಿ, ಅದು ಕ್ಲೌಡಿಗೆ ತಾನಾಗಿ ಹೋಗುತ್ತದೆ. ಬರೆದದ್ದನ್ನು ಓದಿ, ಅದನ್ನೇ ನೋಡಿಕೊಂಡು ಒಮ್ಮೆ ಟೈಪ್ ಮಾಡಿ ಲಾಗಿನ್ ಆಗಿ, ಆಮೇಲೆ ಲಕೋಟೆ ಮುಚ್ಚಿ.

ಲಕೋಟೆ ಕೆಲಸಕ್ಕೆ ಬರುತ್ತದೆಯೇ ಎಂದು ತಿಳಿಯುವ ದಾರಿ ಒಂದೇ, ರಿಹರ್ಸಲ್. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ತಪ್ಪು ಸರ್ವರಿನ ಮೇಲೆ ಅಳಿಸುವ ಕಮಾಂಡ್ ಓಡಿ ಸುಮಾರು 300 ಜಿಬಿ ಡೇಟಾಬೇಸ್ ಹೋಯಿತು. ನಿತ್ಯದ ಬ್ಯಾಕಪ್ ನೋಡಿದರೆ ಖಾಲಿ. ಡೇಟಾಬೇಸ್ ಒಂದು ಆವೃತ್ತಿಯದು, ಬ್ಯಾಕಪ್ ಉಪಕರಣ ಹಳೆಯ ಆವೃತ್ತಿಯದು, ಹಾಗಾಗಿ ಅದು ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ಹೇಳಬೇಕಿದ್ದ ಇಮೇಲುಗಳು ಕೂಡ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ತೆಗೆದಿದ್ದ ಪ್ರತಿಯೊಂದು ಇದ್ದದ್ದರಿಂದ ಬಚಾವಾದರು. ಅವರು ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿದರು, ಅದಕ್ಕೇ ನಾವು ಇವತ್ತು ಕಲಿಯಬಹುದಾಗಿದೆ.

ನಿಮ್ಮ ರಿಹರ್ಸಲ್ ಹೀಗಿರಲಿ. ರಜೆಯ ದಿನ ಬೆಳಿಗ್ಗೆ ಫೋನು, ಲ್ಯಾಪ್‌ಟಾಪ್ ಎರಡನ್ನೂ ಆಫ್ ಮಾಡಿ ಇನ್ನೊಂದು ಕೋಣೆಯಲ್ಲಿಡಿ. ಮನೆಯವರ ಯಾವುದಾದರೂ ಕಂಪ್ಯೂಟರನ್ನು ಲೈವ್ ಲಿನಕ್ಸ್ (ಡಿಸ್ಕಿಗೆ ಹಾಕದೆಯೇ ಓಡುವ ಲಿನಕ್ಸ್) ಪೆನ್‌ಡ್ರೈವಿನಿಂದ ಬೂಟ್ ಮಾಡಿ, 8 ಜಿಬಿ ಪೆನ್‌ಡ್ರೈವ್ ಸಾಕು. ಹಾಗೆ ಮಾಡಿದರೆ ಹಳೆಯ ಲಾಗಿನ್ ಯಾವುದೂ ನೆರವಿಗೆ ಬರುವುದಿಲ್ಲ. ಬಿಟ್‌ಲಾಕರ್ ಇರುವ ಯಂತ್ರವಾದರೆ ಅದರ ರಿಕವರಿ ಕೀ ಕೈಯಲ್ಲಿಟ್ಟುಕೊಂಡೇ ಬಯೋಸ್ ಸೆಟ್ಟಿಂಗ್ ಮುಟ್ಟಿ. ಈಗ ಲಕೋಟೆ ಒಡೆದು, ಮೊದಲು ಪಾಸ್‌ವರ್ಡ್ ಮ್ಯಾನೇಜರ್, ಆಮೇಲೆ ಇಮೇಲ್, ಆಮೇಲೆ ಬ್ಯಾಕಪ್ಪಿನಿಂದ ಒಂದು ಫೋಟೋ, ಈ ಮೂರನ್ನು ತಲುಪಿ. ಎಲ್ಲಿ ನಿಂತಿರಿ ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ನಿಲ್ಲುವುದು ಇಮೇಲಿನ ಹತ್ತಿರ. ಪಾಸ್‌ವರ್ಡ್ ಸರಿಯಿದ್ದರೂ 'ನಿಮ್ಮ ಫೋನಿನಲ್ಲಿ ಹೌದು ಎಂದು ಒತ್ತಿ' ಎನ್ನುತ್ತದೆ. ಅಲ್ಲಿ 'ಬೇರೆ ವಿಧಾನ' ಎಂಬುದನ್ನು ಹುಡುಕಿ ರಿಕವರಿ ಕೋಡ್ ಕೊಡಬೇಕು. ಬಳಸಿದ ಕೋಡನ್ನು ಪಟ್ಟಿಯಿಂದ ಹೊಡೆದುಹಾಕಿ, ಹೊಸ ಲಕೋಟೆ ಮಾಡಿ.

ಮನೆಯವರಿಗಾಗಿ ಬೇರೆಯದೇ ಒಂದು ಪುಟ ಬೇಕು. ನಾವು ಆಸ್ಪತ್ರೆಯಲ್ಲಿದ್ದರೆ, ಇಲ್ಲವೇ ಇಲ್ಲವಾದರೆ, ಅವರಿಗೆ ಬೇಕಾಗುವುದು ನಮ್ಮ ಕಮಾಂಡುಗಳಲ್ಲ. ಫೋಟೋಗಳು ಎಲ್ಲಿವೆ, ಮೂಲೆಯಲ್ಲಿ ದೀಪ ಮಿನುಗುವ ಪೆಟ್ಟಿಗೆಯನ್ನು ಆಫ್ ಮಾಡಿದರೆ ಏನು ನಿಲ್ಲುತ್ತದೆ, ಯಾವ ಸೇವೆಗೆ ತಿಂಗಳು ತಿಂಗಳು ಹಣ ಹೋಗುತ್ತಿದೆ, ತಿಳಿದವರು ಯಾರನ್ನು ಕೇಳಬೇಕು, ಇಷ್ಟು. ಸರಳ ಮಾತಿನಲ್ಲಿ, ಒಂದೇ ಪುಟದಲ್ಲಿ. ಗೂಗಲ್ ಖಾತೆಯಲ್ಲಿ ಇಷ್ಟು ತಿಂಗಳು ನಿಷ್ಕ್ರಿಯವಾಗಿದ್ದರೆ ಇಂಥವರಿಗೆ ತಿಳಿಸು ಎಂದು ಹೇಳಿಡಬಹುದು, 3ರಿಂದ 18 ತಿಂಗಳವರೆಗೆ ಅವಧಿ ಆರಿಸಬಹುದು. ಎರಡು ವರ್ಷ ಮುಟ್ಟದ ಖಾತೆಗಳನ್ನು ಅವರು ಅಳಿಸುವ ನಿಯಮವೂ ಇದೆ, ನೆನಪಿರಲಿ. ಆ್ಯಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಎಂಬ, ನಾವು ಇಲ್ಲವಾದ ಮೇಲೆ ಖಾತೆ ತೆರೆಯಬಲ್ಲವರನ್ನು ಹೆಸರಿಸಿಡುವ ಏರ್ಪಾಡಿದೆ. ಅದರಲ್ಲಿ ಸಿಗುವ ಆ್ಯಕ್ಸೆಸ್ ಕೀಯನ್ನು ಮುದ್ರಿಸಿ ಈ ಪುಟದ ಜೊತೆಗೇ ಇಡಿ.

ಕೊನೆಗೆ ನಮ್ಮಂಥ ಕೂಟಗಳ ಖಾತೆಗಳು. ಕೂಟದ ಡೊಮೇನ್ ಒಬ್ಬರ ಸ್ವಂತ ಹೆಸರಲ್ಲಿ, ವಿಡಿಯೋ ಚಾನೆಲ್ ಇನ್ನೊಬ್ಬರ ಹಳೆಯ ಕಚೇರಿ ಇಮೇಲಿನಲ್ಲಿ, ಸದಸ್ಯರ ಗುಂಪಿನ ಅಡ್ಮಿನ್ ಊರು ಬಿಟ್ಟುಹೋದವರು, ಹೀಗೆ ಇರುತ್ತದೆ. ಕಚೇರಿ ಇಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ. ಅದರಲ್ಲಿ ತೆರೆದ ಚಾನೆಲ್ ಮತ್ತು ಅಲ್ಲಿರುವ ವರ್ಷಗಟ್ಟಲೆಯ ಉಪನ್ಯಾಸಗಳು ಯಾರ ಕೈಗೂ ಸಿಗದೆ ಉಳಿಯುತ್ತವೆ. ಒಂದೇ ಪಾಸ್‌ವರ್ಡನ್ನು ಹತ್ತು ಜನಕ್ಕೆ ಹಂಚುವುದು ಪರಿಹಾರವಲ್ಲ, ಒಬ್ಬರು ಬದಲಾಯಿಸಿದರೆ ಒಂಬತ್ತು ಜನ ಹೊರಗೆ. ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಇಬ್ಬರನ್ನು ಪೂರ್ಣ ಅಧಿಕಾರದ ಮಾಲೀಕರನ್ನಾಗಿ ಸೇರಿಸಿ, ಇಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಒಳಬರಲಿ. ಡೊಮೇನ್ ನವೀಕರಣದ ತಾರೀಕನ್ನು ಇಬ್ಬರ ಕ್ಯಾಲೆಂಡರಿನಲ್ಲೂ ಹಾಕಿ. ಒಬ್ಬರು ಜವಾಬ್ದಾರಿ ಬಿಟ್ಟುಕೊಡುವಾಗ ಹೊಸಬರನ್ನು ಮೊದಲು ಸೇರಿಸಿ, ಅವರು ತಮ್ಮ ಯಂತ್ರದಿಂದ ಒಂದು ಬದಲಾವಣೆ ಮಾಡಿ ತೋರಿಸಿದ ಮೇಲೆ ಹಳಬರ ಹೆಸರು ತೆಗೆಯಿರಿ. ಈ ಕೂಟದ ಹಾಳೆಯನ್ನು ಬರೆಯಲು ನಾಲ್ಕು ಜನ ಇಲ್ಲೇ ಉಳಿಯುತ್ತೇವೆ. ಯಾರ ಬಳಿ ಯಾವ ಖಾತೆ ಇದೆಯೋ ಹೋಗುವ ಮೊದಲು ಬಂದು ಹೇಳಿ.